ಎತ್ತರದ ಕಂಬದ ಬಳಿಯ ಕಂಡಕ್ಟರ್: ಒಂದು ಪ್ರಕರಣ ಅಧ್ಯಯನ

ಏನನ್ನು ಮುಚ್ಚಿಟ್ಟಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಬರುವ ನೀರಾಟದ ಮನರಂಜನಾ ಪಾರ್ಕಿಗೆ ಹೆಸರಿಲ್ಲ. ಬಳ್ಳಾರಿಯಿಂದ ಅರ್ಧ ಗಂಟೆಯ ಬಸ್ ದಾರಿ ಎಂದಷ್ಟೇ ತಿಳಿದರೆ ಸಾಕು. ವ್ಯಕ್ತಿಯ ಹೆಸರು, ಊರು, ಅವರು ದುಡಿದ ಬಸ್ ಘಟಕ ಯಾವುದನ್ನೂ ಬರೆದಿಲ್ಲ. ಮನೆಯವರ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಬದಲಾಯಿಸದೆ ಉಳಿಸಿಕೊಂಡದ್ದು ನಾನು ಮಾಡಿದ ತಪ್ಪುಗಳನ್ನು ಮಾತ್ರ. ಆ ಪಾರ್ಕಿನ ಮ್ಯಾನೇಜರ್ ನಾನೇ. ನಿವೃತ್ತರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೆಂದಿರುವ ಇಂಥ ಜಾಗಗಳ ಮೇಲ್ವಿಚಾರಕರಿಗೂ, ನಿವೃತ್ತಿಯ ನಂತರ ಏನಾದರೂ ಮಾಡೋಣ ಎಂದುಕೊಂಡವರಿಗೂ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ಕೆಲಸ ಕೇಳಿಕೊಂಡು ಬಂದವರು

ಅವರು ಸಾರಿಗೆ ನಿಗಮದ ಬಸ್ಸಿನಲ್ಲಿ 33 ವರ್ಷ ಕಂಡಕ್ಟರ್ ಆಗಿದ್ದವರು. 60ಕ್ಕೆ ನಿವೃತ್ತಿಯಾಯಿತು. ಹಾರ, ಶಾಲು, ಫಲತಾಂಬೂಲ, ಜೊತೆಗೆ ಒಂದು ಗೋಡೆ ಗಡಿಯಾರ. ನಿವೃತ್ತರಾದವರಿಗೆ ನಮ್ಮ ಕಡೆ ಗಡಿಯಾರವನ್ನೇ ಯಾಕೆ ಕೊಡುತ್ತಾರೋ ತಿಳಿಯದು. ಹೊತ್ತು ಹೋಗುತ್ತಿಲ್ಲ ಎಂದು ಒದ್ದಾಡುವವರ ತಲೆಯ ಮೇಲೆ ಅದು ದಿನವಿಡೀ ಟಿಕ್ ಟಿಕ್ ಎನ್ನುತ್ತಿರುತ್ತದೆ.

ಬಸ್ಸಿನವರಿಗೂ ಸರ್ಕಾರಿ ನೌಕರರಂತೆ ಕೈತುಂಬ ಪಿಂಚಣಿ ಬರುತ್ತದೆ ಎಂದು ಊರಿನವರ ನಂಬಿಕೆ. ಹಾಗೇನೂ ಇಲ್ಲ. ನಿಗಮದ ನೌಕರರದು ಭವಿಷ್ಯ ನಿಧಿಯ ಲೆಕ್ಕ. ಪಿಂಚಣಿ ಸಿಗುವುದು 1995ರ ನೌಕರರ ಪಿಂಚಣಿ ಯೋಜನೆಯಲ್ಲಿ. ಅಲ್ಲಿ ಎಷ್ಟೇ ಸಂಬಳವಿದ್ದರೂ ಲೆಕ್ಕಕ್ಕೆ ಹಿಡಿಯುವುದಕ್ಕೊಂದು ಮಿತಿ ಇದೆ. 2014ರ ಸೆಪ್ಟೆಂಬರ್‌ನಲ್ಲಿ ಅದು 6,500 ರೂಪಾಯಿಯಿಂದ 15,000ಕ್ಕೆ ಏರಿತು. ಲೆಕ್ಕಕ್ಕೆ ಬಂದ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 1995ಕ್ಕೆ ಹಿಂದಿನ ಸೇವೆ ಈ ಗುಣಾಕಾರಕ್ಕೆ ಬರುವುದಿಲ್ಲ, ಮಿತಿ ಏರುವ ಮುಂಚಿನ ವರ್ಷಗಳಿಗೆ ಹಳೆಯ ಮಿತಿಯೇ. ಇವರ ವಿಷಯದಲ್ಲಿ ಹಾಗೆ ಭಾಗಿಸಿ ಬಂದದ್ದು ತಿಂಗಳಿಗೆ 3 ಸಾವಿರ ಚಿಲ್ಲರೆ. ಭವಿಷ್ಯ ನಿಧಿಯ ಗಂಟು, ಗ್ರಾಚ್ಯುಟಿ ಎರಡೂ ಮಗಳ ಮದುವೆಗೆ ಮತ್ತು ಮನೆಯ ಮೇಲಂತಸ್ತಿಗೆ ಹೋಗಿದ್ದವು.

ದುಡ್ಡಿನ ಅಗತ್ಯವೇ ಅವರನ್ನು ಕರೆತಂದಿತು ಎಂದು ನಾನು ಬಹಳ ದಿನ ನಂಬಿದ್ದೆ. ನಿಜವಾದ ಕಾರಣ ಒಂದು ವರ್ಷದ ನಂತರ, ಚಹಾ ಕುಡಿಯುವಾಗ ಬಾಯಿಬಿಟ್ಟರು. "ಸರ್, ನಾನು ಪಡಸಾಲೆಯಲ್ಲಿ ಕುಳಿತರೆ ಸೊಸೆ ಟಿ.ವಿ. ಹಾಕುವುದಿಲ್ಲ. ಹಾಕಬೇಡ ಎಂದು ನಾನು ಹೇಳಿದವನಲ್ಲ. ಆದರೂ ಹಾಕುವುದಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಾನು ಎಲ್ಲಿಗಾದರೂ ಹೋಗಬೇಕಿತ್ತು." ಮೂವತ್ತಮೂರು ವರ್ಷ ಹಗಲು ಹೊತ್ತಿನಲ್ಲಿ ಮನೆಯಲ್ಲಿ ಇರದ ಮನುಷ್ಯನಿಗೆ ಆ ಮನೆಯಲ್ಲಿ ಹಗಲಿನ ಜಾಗವೇ ಇರಲಿಲ್ಲ.

ಇತ್ತ ನಮ್ಮ ಮಾಲೀಕರು ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿ, ಫ್ಲಾರಿಡಾದ ಡಿಸ್ನಿ ವರ್ಲ್ಡ್ ನೋಡಿಕೊಂಡು ಬಂದಿದ್ದರು. 1971ರಲ್ಲಿ ಆರಂಭವಾದ ಆ ಪಾರ್ಕಿನಲ್ಲಿ ಅವರ ಕಣ್ಣಿಗೆ ಬಿದ್ದದ್ದು ರೋಲರ್ ಕೋಸ್ಟರ್ ಅಲ್ಲ, ಬಿಳಿ ತಲೆಯ ಕೆಲಸಗಾರರು. ಬೇರೆ ಕೆಲಸದಿಂದ ನಿವೃತ್ತರಾಗಿ, ವಾರಕ್ಕೆ ಕೆಲವು ದಿನ ಬಾಗಿಲಲ್ಲಿ ನಿಂತು ಜನರನ್ನು ಸ್ವಾಗತಿಸುವವರು, ದಾರಿ ತೋರಿಸುವವರು. ಅಲ್ಲಿ ಸಿಬ್ಬಂದಿಯನ್ನು ನಾಟಕದವರ ಹಾಗೆ ಪಾತ್ರಧಾರಿಗಳೆಂದೇ ಕರೆಯುತ್ತಾರೆ; ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ಅವರವರ ಊರಿನ ಹೆಸರೂ ಇರುತ್ತದೆ. ಮಾಲೀಕರು ಬಂದವರೇ ಎರಡು ಆಜ್ಞೆ ಹೊರಡಿಸಿದರು: ನಿವೃತ್ತರನ್ನು ತೆಗೆದುಕೊಳ್ಳಬೇಕು, ಎಲ್ಲರಿಗೂ ಊರಿನ ಹೆಸರಿರುವ ಬಿಲ್ಲೆ ಮಾಡಿಸಬೇಕು.

ಬಿಲ್ಲೆಯ ಪ್ರಯೋಗ ಹತ್ತು ದಿನದಲ್ಲಿ ಮುಗಿಯಿತು. ಫ್ಲಾರಿಡಾದಲ್ಲಿ ಊರಿನ ಹೆಸರು ನೋಡಿದವರು ನಕ್ಕು ಮುಂದೆ ಹೋಗುತ್ತಾರೇನೋ. ಇಲ್ಲಿ "ನೀವು ಮೋಕಾದವರಾ? ಯಾರ ಪೈಕಿ?" ಎಂದು ಶುರುವಾಗಿ, ಸಿರುಗುಪ್ಪದ ಅತ್ತೆ, ಕುರುಗೋಡಿನ ಭಾವ, ಯಾವುದೋ ಹೊಲದ ತಕರಾರು ಎಲ್ಲ ಮುಗಿಯುವವರೆಗೆ ಸರದಿ ಸಾಲು ಅಲ್ಲೇ ನಿಲ್ಲುತ್ತಿತ್ತು. ಯಾರ ಪೈಕಿ ಎಂಬ ಪ್ರಶ್ನೆ ಯಾವಾಗಲೂ ನೆಂಟಸ್ತನದ್ದೇ ಆಗಿರುವುದಿಲ್ಲ ಎಂಬುದು ನಮ್ಮ ಹುಡುಗರಿಗೆ ಗೊತ್ತಿತ್ತು. ಊರಿನ ಸಾಲನ್ನು ತೆಗೆದುಹಾಕಿದೆವು. ನಿವೃತ್ತರ ಪ್ರಯೋಗ ಮಾತ್ರ ಉಳಿಯಿತು.

2023ರ ಫೆಬ್ರುವರಿಯಲ್ಲಿ ಇವರು ಬಂದರು. ವಯಸ್ಸಾದವರು, ಅರ್ಧ ಸಂಬಳಕ್ಕೂ ಒಪ್ಪುತ್ತಾರೆ ಎಂದರು ಮಾಲೀಕರು. ಒಪ್ಪುತ್ತಿದ್ದರು ಕೂಡ. ಆದರೆ ಆಗ ಜಾರಿಯಲ್ಲಿದ್ದ 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಮುದುಕರಿಗೆ ಕಡಿಮೆ ಕೊಡಬಹುದು ಎಂಬ ಸಾಲು ಎಲ್ಲೂ ಇರಲಿಲ್ಲ. ಅದನ್ನು ತೋರಿಸಿ ಹುಡುಗರಿಗೆ ಕೊಡುವಷ್ಟೇ ಸಂಬಳ ಗೊತ್ತುಮಾಡಿದೆ. ಈ ಪ್ರಕರಣದಲ್ಲಿ ನಾನು ಮೊದಲ ಸಲಕ್ಕೇ ಸರಿಯಾಗಿ ತೆಗೆದುಕೊಂಡ ನಿರ್ಧಾರ ಇದೊಂದೇ.

ಏಪ್ರಿಲ್

ಇವರನ್ನು ಕೊಲಂಬಸ್‌ಗೆ ಹಾಕಿದೆ. ಜಾತ್ರೆಗಳಲ್ಲಿ ನೀವು ನೋಡಿರುವ ಅದೇ ತೂಗಾಡುವ ಹಡಗು. ನಮ್ಮದು ಸ್ವಲ್ಪ ದೊಡ್ಡದು, 40 ಆಸನ. ನಿಯಂತ್ರಣ ಪೆಟ್ಟಿಗೆಯ ಹತ್ತಿರ ಒಬ್ಬ ಹುಡುಗ, ಮೇಲೆ ವೇದಿಕೆಯಲ್ಲಿ ಇವರು. ಪ್ರತಿ ಸುತ್ತಿಗೂ ಮುಂಚೆ ಎಲ್ಲ ಸಾಲುಗಳ ಮುಂದೆ ನಡೆದು, ನಾವು ಲಾಕ್ ಎನ್ನುವ ತೊಡೆಯ ಮೇಲಿನ ಅಡ್ಡಸರಳನ್ನು ಕೈಯಿಂದ ಎಳೆದು ನೋಡುವುದು ಇವರ ಕೆಲಸ.

ಮೊದಲ ವಾರದಲ್ಲೇ ಒಂದು ಬದಲಾವಣೆ ತಂದರು. ಅಲ್ಲಿಯವರೆಗೆ ಹುಡುಗರು ಕೈ ಬೀಸಿದರೆ ಹಡಗು ಹೊರಡುತ್ತಿತ್ತು. ಗದ್ದಲದ ನಡುವೆ ಯಾರು ಯಾರಿಗೆ ಕೈ ಬೀಸಿದರೋ ಹೇಳುವುದು ಕಷ್ಟ. ಇವರು ತಮ್ಮ ಹಳೆಯ ಸೀಟಿ ತಂದರು. ಒಂದು ಸೀಟಿ ಎಂದರೆ ನಿಲ್ಲು, ಎರಡು ಸೀಟಿ ಎಂದರೆ ಹೊರಡು. ಎರಡು ಸೀಟಿ ಕೇಳದೆ ಗುಂಡಿ ಒತ್ತುವಂತಿಲ್ಲ. ಹುಡುಗರು ನಕ್ಕರು, ಕಂಡಕ್ಟರ್ ತಾತ ಎಂದು ಹೆಸರಿಟ್ಟರು. ಹೆಸರು ಉಳಿಯಿತು, ಸೀಟಿಯೂ ಉಳಿಯಿತು.

ನಮ್ಮ ಕಡೆಯ ಬೇಸಿಗೆ ಗೊತ್ತಿಲ್ಲದವರಿಗೆ ಒಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಸೇರಿದಂತೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತಾರೆ. ತಾಪಮಾನ 40 ಡಿಗ್ರಿ ದಾಟುವ ಊರಿನಲ್ಲಿ ಅದು ವಿವೇಕದ ಕ್ರಮ. ಆದರೆ ಸರ್ಕಾರ ಬಾಗಿಲು ಹಾಕಿಕೊಳ್ಳುವ ಹೊತ್ತಿಗೇ ನಮ್ಮ ಪಾರ್ಕ್ ತುಂಬಲು ಶುರು. ಜನ ಬರುವುದೇ ಬಿಸಿಲಿಗೆ ಅಂಜಿ, ನೀರಿಗಾಗಿ. ನೀರಿನಲ್ಲಿ ಇರುವವರಿಗೆ ಅದು ಸ್ವರ್ಗ. ಕಬ್ಬಿಣದ ವೇದಿಕೆಯ ಮೇಲೆ ಬೂಟು ಹಾಕಿಕೊಂಡು ನಿಂತವರಿಗೆ ಕಾದ ಹೆಂಚು.

ಏಪ್ರಿಲ್ ಮೂರನೆಯ ವಾರದ ಒಂದು ಮಧ್ಯಾಹ್ನ, ಸುಮಾರು ಎರಡೂವರೆ. ಹಡಗು ತುಂಬಿದೆ. ಕಂಡಕ್ಟರ್ ತಾತ ನಾಲ್ಕು ಸಾಲು ನೋಡಿ ಐದನೆಯದಕ್ಕೆ ಬಗ್ಗಿದವರು ಹಾಗೇ ಕಂಬಿ ಹಿಡಿದು ಕೆಳಗೆ ಕುಳಿತರು. ಕಣ್ಣು ಕತ್ತಲೆ ಬಂದಿತ್ತು. ಉಳಿದ ಸಾಲುಗಳ ಲಾಕ್ ನೋಡಿರಲಿಲ್ಲ. ಎರಡು ಸೀಟಿ ಬೀಳಲಿಲ್ಲ, ಹಾಗಾಗಿ ಕೆಳಗಿನ ಹುಡುಗ ಗುಂಡಿ ಒತ್ತಲಿಲ್ಲ. ಕೈ ಬೀಸುವ ಹಳೆಯ ಪದ್ಧತಿಯೇ ಇದ್ದಿದ್ದರೆ, ಕಂಬಿಗೆ ಚಾಚಿದ ಆ ಕೈಯನ್ನು ಹುಡುಗ ಏನೆಂದು ತಿಳಿಯುತ್ತಿದ್ದನೋ ಎಂದು ಇವತ್ತಿಗೂ ಯೋಚಿಸುತ್ತೇನೆ.

ಆಸ್ಪತ್ರೆಯಲ್ಲಿ ಎರಡು ಸಂಗತಿ ಹೊರಬಂದವು. ಅವರು ರಕ್ತದೊತ್ತಡಕ್ಕೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯಲ್ಲಿ ಮೂತ್ರ ಹೆಚ್ಚು ಮಾಡಿ ದೇಹದ ನೀರು ಇಳಿಸುವ ಔಷಧವೂ ಸೇರಿತ್ತು. ಬಿಸಿಲಿನಲ್ಲಿ ನಿಲ್ಲುವವರು ಇಂಥ ಮಾತ್ರೆಯ ವಿಷಯದಲ್ಲಿ ವೈದ್ಯರನ್ನು ಕೇಳಲೇಬೇಕು. ಎರಡನೆಯದು ಇನ್ನೂ ಸರಳ: ಅವರು ನೀರನ್ನೇ ಕುಡಿಯುತ್ತಿರಲಿಲ್ಲ. ಕಂಡಕ್ಟರುಗಳಿಗೆ ಅದು ಕೆಲಸ ಕಲಿಸಿದ ಅಭ್ಯಾಸ. ದೂರದ ರೂಟಿನಲ್ಲಿ ನೀರು ಕುಡಿದರೆ ನಡುದಾರಿಯಲ್ಲಿ ಬಸ್ಸು ನಿಲ್ಲಿಸಬೇಕಾಗುತ್ತದೆ, ಐವತ್ತು ಜನ ಕಾಯುತ್ತಾರೆ. ನಮ್ಮಲ್ಲಿ ಬಸ್ಸು ನಿಲ್ಲಿಸುವ ಪ್ರಶ್ನೆ ಇರಲಿಲ್ಲ, ಆದರೆ ಶೌಚಾಲಯ ಪಾರ್ಕಿನ ಇನ್ನೊಂದು ಮೂಲೆಯಲ್ಲಿತ್ತು. ಅವರ ಜಾಗ ನೋಡಿಕೊಳ್ಳಲು ಬದಲಿ ಆಳೂ ಇರಲಿಲ್ಲ.

ಮೂರನೆಯದು ನನ್ನ ಕಡತದಿಂದ ಹೊರಬಂತು. ಅವರ ಹೆಸರನ್ನು ಕಾರ್ಮಿಕರ ಚಿಕಿತ್ಸೆಗೆಂದಿರುವ ವಿಮೆಯಾದ ಇಎಸ್‌ಐಗೆ ಸೇರಿಸಿರಲಿಲ್ಲ. ಅರವತ್ತು ದಾಟಿದವರಿಗೆ ಇಎಸ್‌ಐ ಬರುವುದಿಲ್ಲ ಎಂದು ನಮ್ಮ ಲೆಕ್ಕದ ಗುಮಾಸ್ತ ಹೇಳಿದ್ದ, ನಾನು ತಲೆಯಾಡಿಸಿದ್ದೆ. ಅದು ತಪ್ಪು. ಇಎಸ್‌ಐಗೆ ವಯಸ್ಸಿನ ಮೇಲ್ಮಿತಿ ಇಲ್ಲ. ತಿಂಗಳ ವೇತನ 21,000 ರೂಪಾಯಿ ಮೀರಬಾರದು, ಅಷ್ಟೇ. ನೌಕರನ ಪಾಲು ಶೇ 0.75, ಮಾಲೀಕರ ಪಾಲು ಶೇ 3.25. ಭವಿಷ್ಯ ನಿಧಿಯ ನಿಯಮ ಬೇರೆ: 58 ದಾಟಿದ ಮೇಲೆ ಸಾಮಾನ್ಯವಾಗಿ ಪಿಂಚಣಿ ಯೋಜನೆಗೆ ವಂತಿಗೆ ಕಟ್ಟುವುದಿಲ್ಲ. ಗುಮಾಸ್ತ ಎರಡನ್ನೂ ಕಲಸಿಕೊಂಡಿದ್ದ. ಆ ದಿನದ ಆಸ್ಪತ್ರೆಯ ಬಿಲ್ಲನ್ನು ಪಾರ್ಕ್ ಕಟ್ಟಿತು. ಮರುದಿನವೇ ಹೆಸರು ನೋಂದಾಯಿಸಿದೆವು.

ಹಾರದ ಯೋಚನೆ

ಇಲ್ಲಿ ಮೊದಲ ತಿರುವು. ನನಗೆ ಆಗ ತೋಚಿದ ಪರಿಹಾರವೆಂದರೆ ಇವರನ್ನು ಗೌರವದಿಂದ ಕಳಿಸುವುದು. ಒಂದು ಸನ್ಮಾನ, ಒಂದು ಶಾಲು, ಒಂದು ತಿಂಗಳ ಹೆಚ್ಚುವರಿ ಸಂಬಳ. 'ಆರೋಗ್ಯದ ದೃಷ್ಟಿಯಿಂದ' ಎಂಬ ಪತ್ರ ಟೈಪಾಗಿ ಮೇಜಿನ ಮೇಲಿತ್ತು. ಇನ್ನೊಂದು ಗಡಿಯಾರ ತರಿಸಿದ್ದೇನೂ ಇಲ್ಲ, ಆದರೆ ಮನಸ್ಸು ಅದರ ಹತ್ತಿರಕ್ಕೇ ಹೋಗಿತ್ತು.

ಎರಡು ದಿನ ಬಿಟ್ಟು ಅವರು ಬಂದು ಒಂದು ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಬಿಚ್ಚಿದರು. ತಮ್ಮ ಎಲ್ಲ ಮಾತ್ರೆಗಳು, ವೈದ್ಯರ ಹೊಸ ಚೀಟಿ. ಮಾತ್ರೆ ಬದಲಾಗಿತ್ತು. "ಸರ್, ಕೆಲಸಕ್ಕೆ ಸೇರುವಾಗ ಆಧಾರ್ ಕೇಳಿದಿರಿ, ಬ್ಯಾಂಕ್ ಪಾಸ್‌ಪುಸ್ತಕ ಕೇಳಿದಿರಿ, ಎರಡು ಫೋಟೊ ಕೇಳಿದಿರಿ. ಇದನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ." ದೂರುವ ದನಿಯಲ್ಲ, ಚಿಲ್ಲರೆ ಎಣಿಸಿಕೊಡುವಂಥ ದನಿ.

ಪತ್ರವನ್ನು ಖಾನೆಯೊಳಗೆ ಹಾಕಿದೆ. ಹರಿದುಹಾಕಲಿಲ್ಲ, ಅಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ.

ಬಿಸಿಲು ಬೇಡ, ಬಗ್ಗುವ ಕೆಲಸ ಬೇಡ. ಹಾಗಾದರೆ ಟಿಕೆಟ್ ಕೌಂಟರ್ ಇದೆಯಲ್ಲ! ಜೀವಮಾನವೆಲ್ಲ ಟಿಕೆಟ್ ಕೊಟ್ಟವರು, ಫ್ಯಾನ್ ಇದೆ, ಕುರ್ಚಿ ಇದೆ. ಇದಕ್ಕಿಂತ ಸರಿಯಾದ ಜಾಗ ಯಾವುದಿದೆ ಎಂದು ನಾನು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಮೂರು ವಾರದಲ್ಲಿ ಅದು ಸೋತಿತು. ಕೌಂಟರ್‌ನಲ್ಲಿ ಟಿಕೆಟ್, ಈಜುಡುಪಿನ ಬಾಡಿಗೆ, ಲಾಕರ್, ಅದರ ಠೇವಣಿ, ಊಟದ ಕೂಪನ್ ಎಲ್ಲವೂ ಒಂದೇ ಪರದೆಯ ಮೇಲೆ. ಕೆಲವರದು ನಗದು, ಕೆಲವರದು ಫೋನಿನಲ್ಲಿ ಪಾವತಿ. "ಹಣ ಕಟ್ ಆಗಿದೆ, ನಿಮಗೆ ಬಂದಿಲ್ಲವಾ?" ಎಂಬ ತಗಾದೆ ಬೇರೆ. ದಪ್ಪ ಗಾಜಿನ ಆಚೆಯವರ ಮಾತು ಇವರಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಒಂದು ಭಾನುವಾರ ಸಂಜೆ 640 ರೂಪಾಯಿ ಕಡಿಮೆ ಬಿತ್ತು. ಯಾರಿಗೂ ಹೇಳದೆ ತಮ್ಮ ಜೇಬಿನಿಂದ ತುಂಬಿದರು. ಬಸ್ಸಿನ ರೂಢಿ ಅದು. ನನಗೆ ಗೊತ್ತಾದದ್ದು ಕೌಂಟರಿನ ಹುಡುಗಿ ಹೇಳಿದ ಮೇಲೆ.

ದುಡ್ಡು ಹಿಂದಿರುಗಿಸಿ, ಯಾಕೆ ಹೀಗಾಯಿತು ಎಂದು ಕೇಳಿದೆ. "ಬಸ್ಸಿನಲ್ಲಿ ನಾನು ಜನರ ನಡುವೆ ಹೋಗುತ್ತಿದ್ದೆ, ಸರ್. ಮುಖ ನೋಡಿದರೆ ಯಾರು ಎಲ್ಲಿ ಹತ್ತಿದರು, ಯಾರು ಇನ್ನೂ ಟಿಕೆಟ್ ತೆಗೆದಿಲ್ಲ ಎಲ್ಲ ತಿಳಿಯುತ್ತಿತ್ತು. ಇಲ್ಲಿ ಗಾಜಿನ ತೂತಿನಲ್ಲಿ ಬರೀ ಕೈ ಕಾಣುತ್ತದೆ." ಟಿಕೆಟ್ ಕೊಡುವುದೇ ಕಂಡಕ್ಟರನ ಕೆಲಸ ಎಂದು ನಾನು ತಿಳಿದಿದ್ದೆ. ಆ ಕೆಲಸದಲ್ಲಿ ಟಿಕೆಟ್ ತೀರಾ ಸಣ್ಣ ಪಾಲು. ದೊಡ್ಡ ಪಾಲೇನು ಎಂಬುದು ನನ್ನ ಕಣ್ಣಿಗೆ ಬೀಳಲು ಡಿಸೆಂಬರ್ ಬರಬೇಕಾಯಿತು.

ಬಸ್ಸಿನಲ್ಲಿ ಕುಗ್ಗುವ ಮಕ್ಕಳು, ಪಾರ್ಕಿನಲ್ಲಿ ಬೆಳೆಯುವ ಮಕ್ಕಳು

ಜುಲೈಯಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಜನ ಕಡಿಮೆ. ತುಂಗಭದ್ರಾ ಜಲಾಶಯ ತುಂಬಿ ಕ್ರಸ್ಟ್ ಗೇಟ್ ತೆರೆದರೆಂದರೆ ಇರುವ ಜನವೂ ಆ ಕಡೆಗೇ. ಆ ಮೂರು ತಿಂಗಳು ಅವರಿಗೆ ವಾರಕ್ಕೆ ಮೂರು ದಿನದ ಕೆಲಸ ಮಾತ್ರ ಕೊಟ್ಟೆವು. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಹೆಮ್ಮೆಪಡುವುದಂತೂ ಏನೂ ಇಲ್ಲ.

ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಗಳು ಶುರುವಾದಾಗ ಅವರನ್ನು ಕೊಲಂಬಸ್‌ನ ಸಾಲಿನ ಬಾಯಲ್ಲಿ, ಮಕ್ಕಳ ಎತ್ತರ ಅಳೆಯುವ ಕಂಬದ ಹತ್ತಿರ ನಿಲ್ಲಿಸಿದೆ. ಹಸಿರು ಪರದೆಯ ನೆರಳು, ಒಂದು ಎತ್ತರದ ಸ್ಟೂಲು, ಪಕ್ಕದಲ್ಲಿ ನೀರಿನ ಕ್ಯಾನು. 120 ಸೆಂಟಿಮೀಟರ್‌ಗಿಂತ ಗಿಡ್ಡ ಇರುವ ಮಕ್ಕಳನ್ನು ಒಳಗೆ ಬಿಡಬಾರದು. ಹೇಳಲು ಒಂದೇ ಸಾಲು. ಇಡೀ ಪಾರ್ಕಿನಲ್ಲಿ ಅತಿ ಹೆಚ್ಚು ಜಗಳ ನಡೆಯುವುದು ಈ ಒಂದು ಸಾಲಿನ ಮೇಲೆ. ಅಲ್ಲಿ ನಿಂತ ಹುಡುಗರು ಒಂದೋ ಬೈಸಿಕೊಂಡು ಅಳುತ್ತಿದ್ದರು, ಇಲ್ಲವೇ ಬಿಟ್ಟುಬಿಡುತ್ತಿದ್ದರು.

ಮೊದಲ ದಿನ ಸಂಜೆ ತಾತ ನಗುತ್ತಾ ಬಂದರು. "ಸರ್, ಇದು ನನ್ನ ಹಳೆಯ ಕೆಲಸವೇ. ತಿರುವುಮುರುವಾಗಿದೆ, ಅಷ್ಟೇ." ಬಸ್ಸಿನಲ್ಲಿ ಆರು ವರ್ಷದವರೆಗೆ ಟಿಕೆಟ್ ಇಲ್ಲ, ಹನ್ನೆರಡರವರೆಗೆ ಅರ್ಧ. ಹಾಗಾಗಿ ಬಸ್ಸು ಹತ್ತಿದ ಕೂಡಲೇ ಮಕ್ಕಳೆಲ್ಲ ಚಿಕ್ಕವರಾಗುತ್ತಾರೆ. ಎಂಟು ವರ್ಷದ ಹುಡುಗ ತಾಯಿಯ ತೊಡೆಯೇರಿ ನಿದ್ದೆ ಬಂದಂತೆ ಕಣ್ಣು ಮುಚ್ಚುತ್ತಾನೆ. ಪಾರ್ಕಿಗೆ ಬಂದರೆ ಅದೇ ಮಗು ಬೆಳೆದುಬಿಡುತ್ತದೆ. ತುದಿಗಾಲು, ಎತ್ತಿ ಕಟ್ಟಿದ ಜುಟ್ಟು, ಅಣ್ಣನ ದಪ್ಪ ಅಟ್ಟೆಯ ಬೂಟು. ಒಬ್ಬ ತಂದೆ ಮಗನ ಬೂಟಿನೊಳಗೆ ಕರವಸ್ತ್ರ ಮಡಿಸಿ ಇಟ್ಟಿದ್ದ. ತಾತ ಕಂಬಕ್ಕಿಂತ ಮೊದಲು ಕಾಲು ನೋಡುತ್ತಿದ್ದರು.

ಅವರ ವಿದ್ಯೆ ಸುಳ್ಳು ಹಿಡಿಯುವುದರಲ್ಲಿ ಇರಲಿಲ್ಲ. ಅದನ್ನು ನಾವೂ ಹಿಡಿಯುತ್ತಿದ್ದೆವು. ಸುಳ್ಳು ಹೇಳಿದವರಿಗೆ ಮುಖ ಉಳಿಸಿಕೊಂಡು ಹಿಂದೆ ಸರಿಯಲು ಜಾಗ ಬಿಡುತ್ತಿದ್ದರು. ಬೂಟು ಬಿಚ್ಚಿಸುವ ಮೊದಲು "ಅಮ್ಮಾ, ನೆಲ ಬಿಸಿಯಿದೆಯೋ ಏನೋ ನೋಡುತ್ತೇನೆ" ಎಂದು ತಾವೇ ಒಂದು ಪಾದ ಊರಿ ನೋಡುತ್ತಿದ್ದರು. ಗಿಡ್ಡ ಎಂಬ ಶಬ್ದ ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. "ಇನ್ನು ನಾಲ್ಕು ಬೆರಳು. ಮುಂದಿನ ದಸರಾಕ್ಕೆ ಬಾ" ಎನ್ನುತ್ತಿದ್ದರು. ಮೂವತ್ತಮೂರು ವರ್ಷ ದಿನಕ್ಕೆ ನೂರಾರು ಸಲ ಇಲ್ಲ ಎಂದು ಹೇಳಿ, ಮರುದಿನ ಅದೇ ಜನರ ನಡುವೆ ಅದೇ ರೂಟಿನಲ್ಲಿ ಓಡಾಡಿದವರಿಗೆ ಮಾತ್ರ ಒಲಿಯುವ ಭಾಷೆ ಅದು.

ಆದರೂ ಒಂದು ಪ್ರಶ್ನೆಗೆ ಅವರ ಹತ್ತಿರವೂ ಉತ್ತರ ಇರಲಿಲ್ಲ. "ನಾನು ಪಕ್ಕದಲ್ಲೇ ಕುಳಿತು ಹಿಡಿದುಕೊಳ್ಳುತ್ತೇನೆ, ಏನಾಗುತ್ತದೆ?" ಅವರು ಅದನ್ನು ನಮ್ಮ ಫಿಟ್ಟರ್‌ನನ್ನು ಕೇಳಿ ತಿಳಿದುಕೊಂಡರು. ಎರಡು ಆಸನಕ್ಕೆ ಒಂದೇ ಅಡ್ಡಸರಳು. ಅದು ಕೆಳಗೆ ಬರುವಾಗ ದೊಡ್ಡವರ ತೊಡೆಗೆ ತಾಗಿ ಅಲ್ಲೇ ನಿಲ್ಲುತ್ತದೆ. ಪಕ್ಕದ ಮಗುವಿನ ತೊಡೆಯ ಮೇಲೆ ಒಂದು ಗೇಣು ಸಂದು ಉಳಿಯುತ್ತದೆ. ಹಡಗು ತುದಿಗೇರಿ ಮರಳುವಾಗ ಮೈ ಹಗುರಾಗಿ ಆಸನದಿಂದ ಏಳುತ್ತದೆ. ದೊಡ್ಡವರನ್ನು ಸರಳು ತಡೆಯುತ್ತದೆ, ಮಗುವನ್ನು ತಡೆಯುವುದಿಲ್ಲ. ಆ ಹೊತ್ತಿಗೆ ತಂದೆಯ ಎರಡೂ ಕೈ ಸರಳನ್ನೇ ಹಿಡಿದಿರುತ್ತವೆ.

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ ಎಂದು ತಾತನಿಗೆ ಗೊತ್ತಿತ್ತು. ಗುಜರಿ ರಾಶಿಯಲ್ಲಿ ಕೊಲಂಬಸ್‌ನ ಒಂದು ಹಳೆಯ ಜೋಡಿ ಆಸನ ಬಿದ್ದಿತ್ತು. ಅದನ್ನು ಕಂಬದ ಪಕ್ಕ ಬೆಸುಗೆ ಹಾಕಿ ನಿಲ್ಲಿಸಿಕೊಡಿ ಎಂದರು. ತಂದೆ, ಮಗು ಅಲ್ಲಿ ಕೂರಬೇಕು. ಸರಳು ಇಳಿಸಬೇಕು. "ಈಗ ನಿಮ್ಮ ಮುಷ್ಟಿಯನ್ನು ಮಗುವಿನ ತೊಡೆ ಮತ್ತು ಸರಳಿನ ನಡುವೆ ಹಾಕಿ." ಮುಷ್ಟಿ ಸಲೀಸಾಗಿ ಹೋಗುತ್ತಿತ್ತು. ಆಮೇಲೆ ಮಾತು ಬೇಕಾಗುತ್ತಿರಲಿಲ್ಲ.

ಫಿಟ್ಟರ್ ಒಂದು ಆಕ್ಷೇಪ ಎತ್ತಿದ, ಅದು ಸರಿಯಾದದ್ದೇ. ಸರಳು ಸರಿಯಾಗಿ ಕೂತರೆ ಗಿಡ್ಡ ಮಗುವನ್ನೂ ಬಿಡಬಹುದು ಎಂದು ಜನ ವಾದ ಮಾಡುತ್ತಾರೆ ಎಂದ. ಹಾಗಾಗಿ ಅಂತಿಮ ಮಾತು ಕಂಬದ್ದು, ಆಸನ ಇರುವುದು ಕಾರಣ ತೋರಿಸಲು ಮಾತ್ರ ಎಂದು ಫಲಕ ಬರೆಸಿದೆವು.

ಬರೆದು ಕೊಡಿ

ಈ ಪ್ರಕರಣವನ್ನು ಬರೆಯಲು ಕಾರಣವಾದದ್ದು 2024ರ ಜನವರಿಯ ಒಂದು ಭಾನುವಾರ. ಎರಡು ಗಾಡಿಗಳಲ್ಲಿ ಒಂದು ಕುಟುಂಬ ಬಂದಿತ್ತು, ಮಗುವಿನ ಹುಟ್ಟುಹಬ್ಬ. ಸುತ್ತಲಿನ ನಾಲ್ಕು ಊರಿನಲ್ಲಿ ಮಾತು ನಡೆಯುವ ಮನೆತನ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಮಗುವಿನ ಎತ್ತರ 111 ಸೆಂಟಿಮೀಟರ್. ತಾತ ಬಿಡಲಿಲ್ಲ. ಮಗುವಿನ ಮನೆಯವರು ಹಳೆಯ ಆಸನದಲ್ಲಿ ಕೂರಲು ಒಪ್ಪಲಿಲ್ಲ, ಫೋನ್ ತೆಗೆದರು. ಮದುವೆಗೆಂದು ಹೈದರಾಬಾದಿಗೆ ಹೋಗಿದ್ದ ಮಾಲೀಕರಿಗೆ ಕರೆ ಹೋಯಿತು. ಅಲ್ಲಿಂದ ನನಗೆ ಬಂತು. ನಾನು ಕಚೇರಿಯಲ್ಲಿ ಕುಳಿತೇ ವಾಕಿಟಾಕಿ ಎತ್ತಿ ಹೇಳಿದೆ: "ತಾತ, ಅಪ್ಪನ ಪಕ್ಕ ಕೂರಿಸಿ ಒಂದು ಸುತ್ತು ಬಿಟ್ಟುಬಿಡಿ."

ಸ್ವಲ್ಪ ಹೊತ್ತು ಬರೀ ಗರಗರ ಸದ್ದು. ಆಮೇಲೆ, "ಆಗಲಿ ಸರ್. ಬಂದು ಬರೆದು ಕೊಡಿ."

ಸಿಟ್ಟು ಬಂತು. ಹೋದೆ. ಅವರು ಲಾಗ್ ಪುಸ್ತಕವನ್ನು ತೆರೆದು ಸ್ಟೂಲಿನ ಮೇಲಿಟ್ಟು, ಪೆನ್ನನ್ನು ಅದರ ಮೇಲೆ ಅಡ್ಡ ಇಟ್ಟಿದ್ದರು. ಬಸ್ಸಿನಲ್ಲಿ ಮೇಲಿನವರು ಯಾರನ್ನಾದರೂ ಟಿಕೆಟ್ ಇಲ್ಲದೆ ಕರೆದುಕೊಂಡು ಹೋಗು ಎಂದರೆ ಇವರು ಟಿಕೆಟ್ಟಿನ ಲೆಕ್ಕ ಬರೆಯುವ ಹಾಳೆಯಾದ ವೇ ಬಿಲ್ ಮುಂದಿಡುತ್ತಿದ್ದರಂತೆ. ನಾನು ತಾರೀಖು ಬರೆದೆ, ಸಮಯ ಬರೆದೆ. 'ಮ್ಯಾನೇಜರ್ ಆದೇಶದ ಮೇರೆಗೆ, ಎತ್ತರ 111 ಸೆಂ.ಮೀ. ಇರುವ ಮಗುವನ್ನು' ಎಂಬಲ್ಲಿಗೆ ಕೈ ನಿಂತಿತು. ಗಾಳಿಯಲ್ಲಿ ಆಡಿದಾಗ ಸಣ್ಣ ಉಪಕಾರದಂತಿದ್ದ ಮಾತು ಕಾಗದದ ಮೇಲೆ ಬೇರೆಯೇ ಆಗಿ ಕಾಣುತ್ತಿತ್ತು. ಆ ಸಾಲಿನ ಮೇಲೆ ಗೀಟು ಎಳೆದೆ. ಮಗುವಿನ ತಂದೆಯ ಕಡೆಗೆ ತಿರುಗಿ ಆಗುವುದಿಲ್ಲ ಎಂದೆ.

ಅವರೇನೂ ಕೈಮುಗಿದು ಹೋಗಲಿಲ್ಲ. ಸಿಗಬೇಕಾದ ಬೈಗುಳವೆಲ್ಲ ಸಿಕ್ಕಿತು. ಟಿಕೆಟ್ ಹಣ ಪೂರ್ತಿ ವಾಪಸು ಕೊಟ್ಟೆವು. ಮಾಲೀಕರು ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ, ಮೂರನೆಯ ದಿನ ತಾತನನ್ನು ತೆಗೆದುಬಿಡು ಎಂದರು. ಖಾನೆಯಲ್ಲಿ ಏಪ್ರಿಲ್ ತಿಂಗಳ ಪತ್ರ ಇನ್ನೂ ಇತ್ತು. ತಾರೀಖು ಬದಲಾಯಿಸಿದರೆ ಸಾಕಾಗಿತ್ತು. ಅದನ್ನು ಅಂದು ಹರಿದುಹಾಕಿದೆ. ತಾತನನ್ನು ತೆಗೆಯುವುದಾದರೆ ಕಾರಣವನ್ನು ನೀವೇ ಬರೆದು ಕೊಡಿ ಎಂದು ಮಾಲೀಕರಿಗೆ ಹೇಳಿದೆ. ಆ ಮಾತು ಎಲ್ಲಿಂದ ಕಲಿತೆ ಎಂದು ಅವರಿಗೂ ಅರ್ಥವಾಯಿತು.

ಅವರ ಮನಸ್ಸು ಬದಲಾದದ್ದು ನನ್ನ ಮಾತಿನಿಂದಲ್ಲ. ಮಾರ್ಚ್‌ನಲ್ಲಿ ವಿಮೆ ನವೀಕರಣಕ್ಕೆ ಪರಿಶೀಲನೆಗೆ ಬಂದವರು ಲಾಗ್ ಪುಸ್ತಕ ತಿರುವಿಹಾಕುತ್ತಾ ಆ ಗೀಟೆಳೆದ ಸಾಲಿನ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು. ನಡೆದದ್ದನ್ನು ಹೇಳಿದೆ. ಅವರು ಏನೂ ಅನ್ನಲಿಲ್ಲ, ಪುಟದ ಫೋಟೊ ತೆಗೆದುಕೊಂಡರು. ಆ ಸಾಲು ಪೂರ್ತಿಯಾಗಿದ್ದು, ಏನಾದರೂ ಆಗಿದ್ದರೆ ಆ ಪುಟ ಎಲ್ಲಿಗೆಲ್ಲ ಹೋಗುತ್ತಿತ್ತು ಎಂದು ಪಕ್ಕದಲ್ಲಿ ಕುಳಿತಿದ್ದ ಮಾಲೀಕರಿಗೆ ಹೊಳೆದಿರಬೇಕು. ಅಂದಿನಿಂದ ನಿಯಮ: ಎತ್ತರದ ವಿಷಯದಲ್ಲಿ ಫೋನಿನ ಆಜ್ಞೆ ಇಲ್ಲ. ವಿನಾಯಿತಿ ಬೇಕೆಂದವರು ಕಂಬದ ಹತ್ತಿರ ಬಂದು, ಬರೆದು, ಸಹಿ ಹಾಕಬೇಕು. ಈವರೆಗೆ ಯಾರೂ ಹಾಕಿಲ್ಲ.

ಸ್ಟೂಲಿನ ತಕರಾರು ಮತ್ತು ಉಳಿದ ಲೆಕ್ಕ

ನಾನು ಎಣಿಸದೇ ಇದ್ದ ಒಂದು ಪರಿಣಾಮವನ್ನೂ ಹೇಳಬೇಕು. ತಾತನಿಗೆ ನೆರಳು, ಸ್ಟೂಲು, ನೀರು ಕೊಟ್ಟ ಮೇಲೆ ಇಪ್ಪತ್ತು ವರ್ಷದ ಹುಡುಗನೊಬ್ಬ ಬಂದು ಕೇಳಿದ: "ತಾತನಿಗೆ ಕೊಟ್ಟಿರಿ, ಸಂತೋಷ. ನಮಗೆ ಬಿಸಿಲು ತಾಗುವುದಿಲ್ಲವಾ?" ಮೊದಲು ಗದರಿಸಿ ಕಳಿಸಿದೆ. ರಾತ್ರಿ ಹಾಜರಿ ಪುಸ್ತಕ ತೆಗೆದು ನೋಡಿದರೆ ಹಿಂದಿನ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಅರ್ಧ ದಿನ ರಜೆ ಹಾಕಿ ಹೋದ ಹುಡುಗರು ಬೇಕಾದಷ್ಟು. ತಲೆನೋವು, ವಾಂತಿ, ಸುಸ್ತು. ಅವರಿಗೂ ಬಿಸಿಲು ಬಡಿದಿತ್ತು, ನಾವು ಅದನ್ನು ಸೋಮಾರಿತನ ಎಂದು ಬರೆದುಕೊಂಡಿದ್ದೆವು. ಈಗ ಬಿಸಿಲಿನ ಎಲ್ಲ ಜಾಗಗಳಲ್ಲೂ ಸ್ಟೂಲು ಮತ್ತು ನೆರಳಿನ ಪರದೆ ಇದೆ, ಬೇಸಿಗೆಯಲ್ಲಿ ನಲವತ್ತು ನಿಮಿಷಕ್ಕೊಮ್ಮೆ ಬದಲಿ ಬರುತ್ತಾರೆ. ನೀರು ಕುಡಿಯಲು ಮಾತ್ರವಲ್ಲ, ಕುಡಿದ ಮೇಲೆ ಶೌಚಾಲಯಕ್ಕೆ ಹೋಗಿ ಬರಲೂ ಬದಲಿ ಬೇಕು ಎಂಬುದನ್ನು ಬೇರೆ ಪಾರ್ಕುಗಳವರು ಗಮನಿಸಬೇಕು.

ಕೆಲಸಕ್ಕೆ ಸೇರುವ ಅರ್ಜಿಯಲ್ಲಿ ಎರಡು ಪ್ರಶ್ನೆ ಸೇರಿಸಿದ್ದೇವೆ. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ? ಹಿಂದಿನ ಕೆಲಸದಲ್ಲಿ ದಿನವಿಡೀ ನಿಜವಾಗಿ ಏನು ಮಾಡುತ್ತಿದ್ದಿರಿ? ಎರಡನೆಯದಕ್ಕೆ ಹುದ್ದೆಯ ಹೆಸರು ಬರೆದರೆ ಅರ್ಜಿ ವಾಪಸು ಕೊಟ್ಟು ಮತ್ತೆ ಬರೆಸುತ್ತೇನೆ. ಕಳೆದ ವರ್ಷ ಅಂಗನವಾಡಿಯಿಂದ ನಿವೃತ್ತರಾದ ಒಬ್ಬರು 'ಅಳುವ ಮಕ್ಕಳನ್ನು ಸುಮ್ಮನಾಗಿಸುತ್ತಿದ್ದೆ, ಅಳುವ ತಾಯಂದಿರನ್ನೂ' ಎಂದು ಬರೆದರು. ಕಳೆದುಹೋದ ಮಕ್ಕಳ ಕೊಠಡಿಯನ್ನು ಅವರಿಗೆ ಒಪ್ಪಿಸಿದ್ದೇವೆ.

ಬಗೆಹರಿಯದೆ ಉಳಿದದ್ದೂ ಇದೆ. ಮಳೆಗಾಲದ ಮೂರು ತಿಂಗಳ ಅರ್ಧ ಗಳಿಕೆಗೆ ನನ್ನ ಬಳಿ ಇನ್ನೂ ಉತ್ತರವಿಲ್ಲ. ತಾತನ ಮಗ ಇವತ್ತಿಗೂ ತಂದೆಯ ಕೆಲಸದ ಬಗ್ಗೆ ನೆಂಟರಿಗೆ ಹೇಳುವುದಿಲ್ಲ. ಬೀಗರು ಬಂದ ದಿನ ಅಪ್ಪ ಘಟಕದ ಗೆಳೆಯರನ್ನು ನೋಡಲು ಹೋಗಿದ್ದಾರೆ ಎನ್ನುತ್ತಾನಂತೆ. ಅದನ್ನು ನನಗೆ ಹೇಳಿದ್ದೂ ತಾತನೇ, ಬೇಸರವಿಲ್ಲದೆ.

ಮೊನ್ನೆ ಅವರ ಹೊಸ ಅರ್ಜಿ ಬಂದಿದೆ. ಇನ್ನು ಮುಂದೆ ಸೋಮವಾರದಿಂದ ಶನಿವಾರದವರೆಗೆ ಮಾತ್ರ ಬರುತ್ತಾರಂತೆ. ಭಾನುವಾರ ಬೇಡ, ಯುಗಾದಿ ಬೇಡ, ದೀಪಾವಳಿ ಬೇಡ. ಕಂಡಕ್ಟರನಾಗಿ 33 ವರ್ಷ ಹಬ್ಬದ ದಿನವೆಲ್ಲ ಬಸ್ಸಿನಲ್ಲೇ ಕಳೆದೆ, ಇನ್ನಾದರೂ ಮನೆಯಲ್ಲಿ ಹೋಳಿಗೆ ಉಣ್ಣುತ್ತೇನೆ ಎಂದು ಕೆಳಗೆ ಬರೆದಿದ್ದಾರೆ. ಇಡೀ ವಾರದಲ್ಲಿ ಕಂಬದ ಹತ್ತಿರ ಅವರು ನಮಗೆ ಅತಿ ಹೆಚ್ಚು ಬೇಕಾಗುವುದು ಭಾನುವಾರವೇ. ಒಂದು ವಾರ ಬಿಟ್ಟು ಒಂದು ವಾರ ಬನ್ನಿ ಎಂದು ಕೇಳಿ ನೋಡಿದೆ. ಯೋಚಿಸುತ್ತೇನೆ ಎಂದರು. ಯುಗಾದಿ, ದೀಪಾವಳಿಯ ರಜೆಯನ್ನು ಮಾತ್ರ ಈಗಲೇ ಬರೆದು ಕೊಡಿ ಎಂದರು. ಬರೆದು ಕೊಟ್ಟಿದ್ದೇನೆ.